ಗಡಿ ಹೇಳಿದವನ ಮೊಮ್ಮಕ್ಕಳು ಸಾಕ್ಷಿ ತರಬೇಕಂತೆ

ನಮ್ಮ ತಾತನ ತಾತ ಸತ್ತದ್ದಕ್ಕೆ ಸರ್ಟಿಫಿಕೇಟು ಬೇಕಂತೆ.

ಕೇಳಿದವರು ಒಂದು ತಾಲ್ಲೂಕು ಕಚೇರಿಯ ಗುಮಾಸ್ತರು. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕರಲ್ಲೂ ನಮ್ಮ ಬಂಧುಬಳಗದ ಹಟ್ಟಿಗಳಿವೆ. ಯಾವ ಹಟ್ಟಿಯ ಜಗುಲಿ ಮೇಲೆ ಕೂತು ಕೇಳಿದರೂ ಇದೇ ಕಥೆ ಹೇಳುತ್ತಾರೆ. "ತೋಟಿ ಇನಾಮ್ತಿ ಜಮೀನು ನಮ್ಮದು ಅಂತೀರಿ. ಸರಿ. ಮೂಲಪುರುಷನಿಂದ ನಿಮ್ಮವರೆಗೂ ವಂಶವೃಕ್ಷ ತನ್ನಿ. ಸತ್ತವರಿಗೆಲ್ಲ ಮರಣ ಪತ್ರ ಲಗತ್ತಿಸಿ" ಅಂದರು ಗುಮಾಸ್ತರು. ನಮ್ಮಪ್ಪ ಟವೆಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. "ಸಾಮಿ, ನಮ್ಮಪ್ಪನ ತಾತ ಸತ್ತಾಗ ನಮ್ಮಪ್ಪನೇ ಹುಟ್ಟಿರಲಿಲ್ಲ" ಅಂದ. "ಅದು ನಿಮ್ಮ ಪ್ರಾಬ್ಲಮ್ಮು" ಅಂದರು ಅವರು.

ಹೌದು, ಇದು ನಮ್ಮ ಪ್ರಾಬ್ಲಮ್ಮೇ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ನಮ್ಮ ಮನೆತನದ ಲಿಖಿತ ಇತಿಹಾಸ ಶುರುವಾಗುವುದು ನಮ್ಮಪ್ಪನ ಅರ್ಧಕ್ಕೇ ನಿಂತ ಪ್ರೈಮರಿ ಸ್ಕೂಲಿನ ದಾಖಲಾತಿಯಿಂದ. ಅದರಲ್ಲಿ ಹುಟ್ಟಿದ ತಾರೀಕು ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದು. ಅದಕ್ಕೂ ಹಿಂದಕ್ಕೆ ಹೋದರೆ ಕಾಗದ ಮುಗಿದು ಬಾಯಿಮಾತು ಶುರುವಾಗುತ್ತದೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನಮ್ಮ ತಾತನ ತಾತ ಅದಕ್ಕೆ ನಲವತ್ತು ವರ್ಷ ಮುಂಚೆಯೇ ಮಣ್ಣಾಗಿದ್ದ. ಅವನ ಮಣ್ಣಿನ ಮೇಲೆ ಒಂದು ಕಲ್ಲೂ ಇಲ್ಲ. ಊರ ಗಡಿಗೆ ಕಲ್ಲು ನೆಡುವ ಕೆಲಸ ಮಾತ್ರ ನಮ್ಮವರದ್ದಾಗಿತ್ತು.

ಇರಲಿ, ಹುಡುಕಿಯೇ ಬಿಡೋಣ ಎಂದು ನಾವು ಹೊರಟೆವು. ನಾಲ್ಕು ತಾಲ್ಲೂಕಿನ ನಾಲ್ಕಾರು ಹುಡುಗರು, ಇಬ್ಬರು ಹುಡುಗಿಯರು. ಹುಡುಕಿದ್ದು ಏನು, ಸಿಕ್ಕಿದ್ದು ಏನು, ಸಿಗದೇ ಹೋದದ್ದು ಯಾಕೆ ಎಂದು ಹೇಳುವುದಕ್ಕೇ ಈ ಬರಹ.

*

ಮೊದಲು ಊರೊಳಗೇ ನೋಡೋಣ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಹೆಳವರು ಬರುತ್ತಿದ್ದರು. ಗೌಡರ ಮನೆ ಮುಂದೆ, ಲಿಂಗಾಯಿತರ ಮನೆ ಮುಂದೆ ನಿಂತು ತಲೆತಲೆಮಾರಿನ ಹೆಸರು ಹೇಳುತ್ತಿದ್ದರು. ಯಾರ ಮಗ ಯಾರು, ಯಾವ ಊರಿನಿಂದ ಒಕ್ಕಲು ಎದ್ದು ಬಂದರು, ಯಾರಿಗೆ ಎಷ್ಟು ಮಕ್ಕಳು, ಎಲ್ಲವೂ ಅವರ ಬಾಯಲ್ಲಿ, ಅವರ ಪುಸ್ತಕದಲ್ಲಿ. ಕಾಳುಕಡಿ, ಬಟ್ಟೆ, ಕರು ದಾನ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಆ ಎತ್ತು ನಮ್ಮ ಹಟ್ಟಿ ಕಡೆ ತಿರುಗಿದ್ದನ್ನು ನಮ್ಮ ಅಜ್ಜಿ ಕಂಡಿಲ್ಲ. ಮಾದಿಗ ಬಂಧುಗಳ ಕುಲಪುರಾಣ ಹೇಳುವ ಡಕ್ಕಲಿಗರಿದ್ದಾರೆ. ಅವರನ್ನು ಊರು ಯಾವತ್ತೂ ಊರೊಳಗೆ ಕರೆಯಲಿಲ್ಲ, ಅವರು ಹೇಳಿದ್ದನ್ನು ಯಾವ ಕಚೇರಿಯೂ ಬರೆದುಕೊಳ್ಳಲಿಲ್ಲ.

ಆಮೇಲೆ ಶಾನುಭೋಗರ ಕಡತ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬರುವವರೆಗೂ ನಮ್ಮ ಸೀಮೆಯ ಊರೂರಿನ ಲೆಕ್ಕ ಶಾನುಭೋಗರ ಮನೆತನದ ಕೈಯಲ್ಲಿತ್ತು. ಅಪ್ಪನಿಂದ ಮಗನಿಗೆ ಲೇಖಣಿ ಬರುತ್ತಿತ್ತು. ಅದೇ ಊರಿನಲ್ಲಿ, ಅದೇ ಕಾಲದಲ್ಲಿ, ಅಪ್ಪನಿಂದ ಮಗನಿಗೆ ತೋಟಿಕೆ ಬರುತ್ತಿತ್ತು. ಎರಡೂ ವಂಶಪಾರಂಪರ್ಯದ ಹುದ್ದೆಗಳೇ. ಒಬ್ಬರ ವಂಶ ಬರೆಯಿತು. ಇನ್ನೊಬ್ಬರ ವಂಶ ಬರೆದದ್ದನ್ನು ತಲೆ ಮೇಲೆ ಹೊತ್ತು ಕಸಬೆಗೆ ಮುಟ್ಟಿಸಿತು. ಕಂದಾಯದ ಹಣದ ಗಂಟಿನ ಜೊತೆಗೆ ಕಾವಲು ನಡೆದವನು ನಮ್ಮವನು. ಸಾವಿನ ಸುದ್ದಿ ಒಯ್ದವನು, ಕಣ ಕಾದವನು, ಸತ್ತ ದನ ಎಳೆದವನು, ಅಮಲ್ದಾರರು ಬಂದರೆ ಕುದುರೆಗೆ ಹುಲ್ಲು ತಂದವನು ನಮ್ಮವನು. ವರ್ಷಕ್ಕೊಮ್ಮೆ ಕಣದಲ್ಲಿ ಆಯ ಎಂದು ನಾಲ್ಕು ಮೊರ ರಾಗಿ. ಜೊತೆಗೆ ಊರಾಚೆ, ಯಾರಿಗೂ ಬೇಡದ ಕಲ್ಲುಭೂಮಿಯಲ್ಲಿ ಎರಡು ಎಕರೆ ಇನಾಮ್ತಿ.

ಈ ಎರಡು ಎಕರೆಯಿಂದಲೇ ನಮ್ಮ ಮುತ್ತಜ್ಜ ಕಾಗದಕ್ಕೆ ಇಳಿದದ್ದು. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ 1863ರಲ್ಲಿ ಶುರುವಾಯಿತು. ಅದೇ ದಶಕದಲ್ಲಿ ಇನಾಮುಗಳ ತನಿಖೆಯೂ ಆರಂಭವಾಯಿತು. ಯಾವ ಭೂಮಿ ಯಾರಿಗೆ, ಯಾವ ಚಾಕರಿಗೆ ಬಿಟ್ಟದ್ದು ಎಂದು ರಿಜಿಸ್ಟರು ಬರೆದರು. ದೇವಸ್ಥಾನದ ಇನಾಮಿಗೆ ದೇವರ ಹೆಸರು, ಅರ್ಚಕರ ಹೆಸರು, ಅವರ ತಂದೆಯ ಹೆಸರು, ಗೋತ್ರ. ತೋಟಿಗೆ ಒಂದೇ ಪದದ ಹೆಸರು. ಅಪ್ಪನ ಹೆಸರಿಲ್ಲ. ನಾವು ಕಾಸು ಕಟ್ಟಿ ತೆಗೆಸಿದ ನಕಲಿನಲ್ಲಿ ಕಂಡದ್ದು ಅಷ್ಟೇ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕರಿಯ, ಕೆಂಪ, ಗಿಡ್ಡ, ತಿಮ್ಮ, ಚಿಕ್ಕ, ದೊಡ್ಡ, ಇವುಗಳಲ್ಲಿ ಒಂದು. ನಿಮ್ಮ ಹಟ್ಟಿಯ ಮೂಲಪುರುಷನ ಹೆಸರೂ ಇವುಗಳಲ್ಲಿ ಒಂದೇ ಆಗಿರುತ್ತದೆ. ಗುಮಾಸ್ತರು ಆ ನಕಲು ನೋಡಿ, "ಈ ಹೆಸರಿನೋರು ತಾಲ್ಲೂಕಲ್ಲಿ ನೂರು ಜನ ಇರ್ತಾರೆ. ಇವನೇ ನಿಮ್ಮೋನು ಅನ್ನೋದಕ್ಕೆ ಏನ್ ಗ್ಯಾರಂಟಿ?" ಅಂದರು. ಅಪ್ಪನ ಹೆಸರು ಬರೆಯದೆ ಬಿಟ್ಟವರು ಯಾರು ಸ್ವಾಮಿ? ನೂರು ಜನರಿಗೆ ಒಂದೇ ಹೆಸರು ಇಡುವಂತೆ ಮಾಡಿದವರು ಯಾರು? ಒಳ್ಳೆಯ ಹೆಸರು ಇಟ್ಟುಕೊಂಡರೆ ಸಿಟ್ಟಾಗುತ್ತಿದ್ದವರು ಯಾರು? ತಪ್ಪು ನಿಮ್ಮ ಪುಸ್ತಕದ್ದು, ದಂಡ ನಮಗೆ.

*

ಕಲ್ಲಿನ ಮೇಲಾದರೂ ಇದ್ದೀವೇನೋ ಎಂದು ನೋಡಿದೆವು. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ 1936ರಲ್ಲಿ ಬೆಳಕಿಗೆ ಬಂದದ್ದು ನಮ್ಮ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಬಂಡೆಗಳ ಮೇಲೆ ನೂರಾರು ಶಾಸನಗಳಿವೆ. ಬಿ.ಎಲ್. ರೈಸ್ ಸಾಹೇಬರು ಹಾಸನ ಜಿಲ್ಲೆಗೇ ಒಂದು ದಪ್ಪ ಸಂಪುಟ ಮಾಡಿ 1902ರಲ್ಲಿ ಅಚ್ಚು ಹಾಕಿಸಿದರು. ಸನ್ಯಾಸಿ ಉಪವಾಸ ಕೂತು ಸತ್ತದ್ದು ಕಲ್ಲಿನ ಮೇಲಿದೆ. ದಂಡನಾಯಕನ ಹೆಂಡತಿ ಬಸದಿ ಕಟ್ಟಿಸಿದ್ದು ಇದೆ. ಬ್ರಾಹ್ಮಣರಿಗೆ ಅಗ್ರಹಾರ ಬಿಟ್ಟದ್ದು ಚತುಸ್ಸೀಮೆ ಸಮೇತ ಇದೆ. ಆ ಚತುಸ್ಸೀಮೆ ನಡೆದು ತೋರಿಸಿದವನ ಹೆಸರು ಹುಡುಕುತ್ತ ಹೋದರೆ, ನಮ್ಮ ಜಾತಿ ಎದುರಾಗುವುದು ಕೊನೆಯ ಶಾಪದ ಸಾಲುಗಳಲ್ಲಿ. ಧರ್ಮಕ್ಕೆ ಅಳುಪಿದವನಿಗೆ ಹಾಕುವ ಶಾಪಗಳಲ್ಲಿ ನಮ್ಮ ಕುಲದ ಹೆಸರು ಕೆಲವು ಕಡೆ ಬೈಗುಳವಾಗಿ ಬಂದಿದೆ. ಕಲ್ಲು ಕಡಿದು ಎಳೆದು ತಂದವರಿಗೆ ಆ ಕಲ್ಲಿನಲ್ಲಿ ಸಿಕ್ಕ ಜಾಗ ಅಷ್ಟು.

ಜನಗಣತಿ ನೋಡಿದೆವು. ಮೈಸೂರು ರಾಜ್ಯದ ಮೊದಲ ಕ್ರಮಬದ್ಧ ಗಣತಿ 1871ರದ್ದು. ಒಟ್ಟು ಜನ 50,55,412. ಜಾತಿವಾರು ತಲೆ ಎಣಿಸಿ ಪುಸ್ತಕ ಮಾಡಿದರು, ಹೆಸರು ಉಳಿಸಲಿಲ್ಲ. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ 41,86,188. ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ತಲೆ ಕಮ್ಮಿ. ನಡುವೆ ಬಂದದ್ದು 1876ರಿಂದ 78ರ ದೊಡ್ಡ ಬರ. ಹಿರಿಯರು ಅದನ್ನು ಧಾತು ಈಶ್ವರದ ಬರ ಎನ್ನುತ್ತಾರೆ. ಸಂವತ್ಸರದ ಹೆಸರೇ ಸಾವಿನ ಹೆಸರಾಯಿತು. ಭೂಮಿ ಇದ್ದವನ ಹಗೇವಿನಲ್ಲಿ ಅಷ್ಟಿಷ್ಟು ರಾಗಿ ಇತ್ತು. ಕೂಲಿಯವನ ಮನೆಯಲ್ಲಿ ಹಗೇವೇ ಇರಲಿಲ್ಲ. ಬೆಂಗಳೂರು ಮೈಸೂರು ರೈಲು ದಾರಿಯ ಮಣ್ಣು ಕೆಲಸವನ್ನು ಬರದ ಕಾಮಗಾರಿಯಾಗಿ ಮಾಡಿಸಿದರು. ಇವತ್ತು ಆ ರೈಲಿನಲ್ಲಿ ಕೂತು ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಹೋಗುವ ನಾವು ಯಾರ ಮೂಳೆಗಳ ಪಕ್ಕದಲ್ಲಿ ಹೋಗುತ್ತಿದ್ದೀವಿ ಎಂದು ಹೇಳುವ ಪಟ್ಟಿ ಎಲ್ಲೂ ಇಲ್ಲ.

ಇದನ್ನೆಲ್ಲ ಓದಿ ಅಜ್ಜಿ ಮುಂದೆ ಹೇಳಿದೆವು. ಅವಳು ಎಲೆಅಡಿಕೆ ಉಗುಳಿ ಬಂದು ಕೂತಳು.

"ಅದ್ಯಾಕ್ ಮಗಾ ಅಷ್ಟೊಂದ್ ಕಾಗ್ದ ತಿರುವ್ಹಾಕ್ತೀಯಾ? ನಮ್ಮತ್ತೆ ಹೇಳೋಳು. ನಿಮ್ ತಾತನ ತಾತ ಬರದಾಗೆ ಬದುಕ್ಕಂಡ ಕೂಸು. ಅವರವ್ವ ಎರಡು ಮಕ್ಕಳ್ನ ಮಣ್ಣು ಮಾಡಿ, ಇವನೊಬ್ಬನ್ನ ಸೊಂಟದ್ ಮ್ಯಾಲೆ ಹಾಕ್ಕಂಡು ಹೊಳೆ ದಾಟಿದ್ಲಂತೆ. ಪಾಪಾಸ್‌ಕಳ್ಳಿ ಹಣ್ಣು ತಿನ್ಸಿ ಉಳಿಸ್ಕಂಡ್ಲಂತೆ. ಅದ್ಕೇ ಅವನ ಬಾಯಿ ಸಾಯೋಗಂಟ ಕೆಂಪಗಿತ್ತು ಅಂತ ನಗೋರು."

ಈ ತಾಯಿಯ ಹೆಸರೇನಜ್ಜಿ ಎಂದು ಕೇಳಿದೆವು. ಅಜ್ಜಿಗೂ ಗೊತ್ತಿಲ್ಲ. ಹೊಳೆ ದಾಟಿಸಿದವಳ ಹೆಸರು ನಮ್ಮ ಬಾಯಲ್ಲೂ ಉಳಿದಿಲ್ಲ. ಇದು ಶಾನುಭೋಗರ ತಪ್ಪಲ್ಲ, ನಮ್ಮದೇ. ಅದಕ್ಕೆ ಆಮೇಲೆ ಬರುತ್ತೇವೆ.

*

ಹೆಸರು ಬೇಕಿದ್ದವರು ದೇವರನ್ನೇ ಬದಲಿಸಬೇಕಾಗಿತ್ತು. ಮಿಶನ್ನಿನವರ ದೀಕ್ಷಾಸ್ನಾನದ ಪುಸ್ತಕದಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು ಮೂರನ್ನೂ ಬರೆಯುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ಸುಮಾರಿನಲ್ಲಿ ಕಟ್ಟಿದ ಚರ್ಚು ಈಗ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ ನಿಂತಿದೆ. ಮಳೆಗಾಲದಲ್ಲಿ ಬೆಂಗಳೂರಿನಿಂದ ಕಾರಿನಲ್ಲಿ ಬಂದು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಗೊರೂರಿನ ಅಣೆಕಟ್ಟಿನಲ್ಲಿ ಹಳ್ಳಿಗಳು ಮುಳುಗಿದವು. ಜೊತೆಗೆ ನಮ್ಮ ಮಸಣಗಳೂ ಮುಳುಗಿದವು. ಪಟ್ಟೆ ಇದ್ದ ಭೂಮಿಗೆ ಪರಿಹಾರ ಬಂತು. ಮಸಣಕ್ಕೆ ಪಟ್ಟೆ ಎಲ್ಲಿತ್ತು? ಮುಳುಗಿದ ಚರ್ಚಿನ ಫೋಟೋ ಎಲ್ಲರ ಫೋನಿನಲ್ಲಿದೆ. ಮುಳುಗಿದ ಹಟ್ಟಿಯ ಫೋಟೋ ಯಾರ ಬಳಿ ಇದೆ?

ಸಮುದ್ರ ದಾಟಿದವರಿಗೂ ದಾಖಲೆ ಇದೆ. 1860ರಿಂದ 1911ರವರೆಗೆ ಕಬ್ಬಿನ ತೋಟಕ್ಕೆಂದು ದಕ್ಷಿಣ ಆಫ್ರಿಕದ ನಟಾಲಿಗೆ ಒಪ್ಪಂದದ ಕೂಲಿಗಳಾಗಿ ಹೋದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ಹಡಗಿನ ಪಟ್ಟಿಯಲ್ಲಿ ಹೆಸರು, ಅಪ್ಪನ ಹೆಸರು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ ಕೂಡ ಬರೆದಿದ್ದಾರೆ. ಓಡಿ ಹೋದರೆ ಹಿಡಿದು ತರಬೇಕಲ್ಲ, ಅದಕ್ಕೆ. ಅಮೆರಿಕದ ಕಪ್ಪು ಜನರ ಕಥೆಯೂ ಇದೇ. ಅಲ್ಲಿ 1850ರ, 1860ರ ಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆಯೇ ಇತ್ತು. ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಅಷ್ಟೇ. ಗುಲಾಮಗಿರಿ ಮುಗಿದ ಮೇಲೆ 1870ರಲ್ಲಿ ಅವರ ಹೆಸರುಗಳು ಪುಸ್ತಕಕ್ಕೆ ಬಂದವು. ಅದರ ಮರುವರ್ಷವೇ ನಮ್ಮನ್ನು ಇಲ್ಲಿ ಎಣಿಸಿದ್ದು, ಹೆಸರಿಲ್ಲದೆ. ಅಲೆಕ್ಸ್ ಹೇಲಿ ತನ್ನ ಬೇರು ಹುಡುಕಿ ಬರೆದ ಪುಸ್ತಕ 1976ರಲ್ಲಿ ಬಂದಾಗ ಲೋಕವೆಲ್ಲ ಕಣ್ಣರಳಿಸಿತು. ಹಾಸನದ ತೋಟಿಯ ಮೊಮ್ಮಗ ಅದೇ ಕೆಲಸಕ್ಕೆ ಹೋದರೆ ರೆಕಾರ್ಡ್ ರೂಮಿನ ಬಾಗಿಲಲ್ಲಿ "ಸೋಮವಾರ ಬಾ" ಎನ್ನುತ್ತಾರೆ.

ನಮ್ಮವರಲ್ಲೂ ಒಡೆಯನ ಹೆಸರಿನ ಕೆಳಗೆ ಬದುಕಿದವರಿದ್ದರು ಎಂಬುದನ್ನು ಮರೆಯಬೇಡಿ. ಮಲೆನಾಡಿನಲ್ಲಿ ಮನೆಯಲ್ಲೇ ಹುಟ್ಟಿದ ಜೀತಗಾರನಿಗೆ ಹುಟ್ಟಾಳು, ಭೂಮಿಯ ಜೊತೆಗೆ ಕೈ ಬದಲಾಯಿಸುವವನಿಗೆ ಮಣ್ಣಾಳು ಎಂದು ಕರೆಯುತ್ತಿದ್ದರು ಎಂದು ರೈಸ್ ಸಾಹೇಬರ ಗೆಜೆಟಿಯರೇ ಹೇಳುತ್ತದೆ. ಗುಲಾಮಗಿರಿಗೆ ಕಾನೂನಿನ ಬಲ ತೆಗೆದ ಕಾಯ್ದೆ 1843ರದ್ದು. ಗೆಜೆಟಿಯರು ಬಂದದ್ದು 1870ರ ದಶಕದಲ್ಲಿ. ಕಾಯ್ದೆ ಕಾಗದದಲ್ಲಿತ್ತು, ಆಳು ಗದ್ದೆಯಲ್ಲಿದ್ದ.

*

ಈಗ ಮುಖ್ಯ ಮಾತಿಗೆ ಬರುತ್ತೇವೆ.

ಮೈಸೂರು ಕಮಿಷನ್ನಿನ ಅಧಿಕಾರಿ ಕ್ಯಾಪ್ಟನ್ ಮೆಕೆಂಜಿ 1873ರಲ್ಲಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಗೆ ನಮ್ಮ ಜನರ ಬಗ್ಗೆ ಒಂದು ಲೇಖನ ಬರೆದ. ಅವನು ಕಂಡದ್ದು ಇದು. ಎರಡು ಊರುಗಳ ನಡುವೆ ಗಡಿ ವ್ಯಾಜ್ಯ ಬಂದರೆ ಕುಳವಾಡಿಯ ಮಾತೇ ಕೊನೆಯ ಮಾತು. ಅವನು ಊರ ಮಣ್ಣಿನ ಉಂಡೆಯನ್ನು ತಲೆ ಮೇಲೆ ಹೊತ್ತು ಗಡಿಗುಂಟ ನಡೆಯಬೇಕು. ಸರಿಯಾದ ಜಾಡಿನಲ್ಲಿ ನಡೆದರೆ ಏನೂ ಆಗುವುದಿಲ್ಲ. ಗಡಿ ತಪ್ಪಿ ಕಾಲಿಟ್ಟರೆ ಉಂಡೆ ತಾನಾಗಿ ಒಡೆದು ಬೀಳುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಮನೆ ಹಾಳಾಗುತ್ತದೆ ಎಂಬ ನಂಬಿಕೆ.

ನೋಡಿ ಸ್ವಾಮಿ. ಗೌಡರ ಗದ್ದೆ ಎಲ್ಲಿ ಮುಗಿಯುತ್ತದೆ, ಅಗ್ರಹಾರದ ತೋಟ ಎಲ್ಲಿ ಶುರುವಾಗುತ್ತದೆ, ದೇವಸ್ಥಾನದ ಮಾನ್ಯ ಎಲ್ಲಿಯವರೆಗೆ, ಇವೆಲ್ಲವನ್ನೂ ಹೇಳಿದ್ದು ನಮ್ಮ ಮುತ್ತಜ್ಜನ ಬಾಯಿ. ಆ ಬಾಯಿ ಮುಟ್ಟಿದ ನೀರು ಮೈಲಿಗೆ, ಆ ಬಾಯಿ ಹೇಳಿದ ಗಡಿ ಮಾತ್ರ ಪವಿತ್ರ. ಸುಳ್ಳು ಹೇಳಿದರೆ ಸಾಯುವ ಶಾಪ ಅವನೊಬ್ಬನಿಗೇ. ಗಡಿ ಒತ್ತಿದ ಗೌಡನಿಗೆ ಯಾವ ಉಂಡೆಯೂ ಒಡೆಯಲಿಲ್ಲ. ಆದರೂ ಅವನು ನಡೆದ. ಅವನು ನಡೆದ ಜಾಡಿನ ಮೇಲೆ ಆಮೇಲೆ ಸರ್ವೆಯವರು ಸರಪಳಿ ಎಳೆದರು, ಬಾಂದುಕಲ್ಲು ಹೂಳಿಸಿದರು, ನಕಾಶೆ ಬರೆದರು. ನಕಾಶೆಗೆ ನಂಬರು ಬಂತು, ನಂಬರಿಗೆ ಪಟ್ಟೆ ಬಂತು, ಪಟ್ಟೆ ಈಗ ಕಂಪ್ಯೂಟರಿನ ಪಹಣಿಯಾಗಿದೆ. ಈ ಇಡೀ ಕಟ್ಟಡದ ತಳಪಾಯದಲ್ಲಿರುವುದು ಓದು ಬರಹ ಬಾರದ ಒಬ್ಬ ಹೊಲೆಯನ ನೆನಪು.

ಅಂಥವನ ಮೊಮ್ಮಗ ಇವತ್ತು ಅದೇ ಕಚೇರಿಯಲ್ಲಿ ನಿಂತು "ಇದು ನಮ್ಮ ತಾತನ ತಾತನ ಭೂಮಿ, ನಮ್ಮ ಹಟ್ಟಿಯೋರಿಗೆಲ್ಲ ಗೊತ್ತು" ಎಂದರೆ, "ಬಾಯಿಮಾತು ನಡೆಯಲ್ಲ, ಕಾಗದ ತಾ" ಎನ್ನುತ್ತೀರಿ. ನಿಮ್ಮ ಭೂಮಿಗೆಲ್ಲ ನಮ್ಮ ಬಾಯಿಮಾತು ನಡೆಯಿತು. ನಮ್ಮ ಎರಡು ಎಕರೆಗೆ ಮಾತ್ರ ನಡೆಯುವುದಿಲ್ಲವೇ?

ಕಾನೂನು ಹಾಗೆ ಹೇಳುವುದೂ ಇಲ್ಲ. 1872ರ ಸಾಕ್ಷ್ಯ ಕಾಯ್ದೆಯ 32ನೇ ಮತ್ತು 50ನೇ ಕಲಮುಗಳು ಇದ್ದದ್ದೇ ಇಂಥ ಸಂದರ್ಭಕ್ಕೆ. ವ್ಯಾಜ್ಯ ಹುಟ್ಟುವ ಮುಂಚೆ, ಬಲ್ಲವರು ನೆಂಟಸ್ತಿಕೆಯ ಬಗ್ಗೆ ಹೇಳಿ ಸತ್ತಿದ್ದರೆ ಆ ಮಾತನ್ನು ನ್ಯಾಯಾಲಯ ಕೇಳಬಹುದು. ಮನೆತನದ ಒಳಹೊರಗು ತಿಳಿದವರು ಇವರು ಇಂಥವರ ಮಕ್ಕಳು ಎಂದು ನಡೆದುಕೊಂಡು ಬಂದಿದ್ದರೆ ಅದನ್ನೂ ಪರಿಗಣಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಈ ಮಾತು ಉಳಿದಿದೆ. ನೂರೈವತ್ತು ವರ್ಷದಿಂದ ಪುಸ್ತಕದಲ್ಲಿರುವ ಈ ಕಲಮು ಕಚೇರಿಯ ಕಿಟಕಿಯಾಚೆ ನಿಂತ ನಮಗೆ ಯಾಕೆ ತಲುಪಲಿಲ್ಲ?

*

ಇನ್ನೊಂದು ಮೋಸ ಇದೆ. ಅದನ್ನು ಎಲ್ಲರೂ ತಿಳಿಯಬೇಕು.

ದಲಿತರಿಗೆ ಮಂಜೂರಾದ ಭೂಮಿ ಪರರ ಪಾಲಾಗದಂತೆ 1978ರಲ್ಲಿ ಕಾಯ್ದೆ ಬಂತು. ಜನ ಅದನ್ನು ಪಿಟಿಸಿಎಲ್ ಎನ್ನುತ್ತಾರೆ. ಅದಕ್ಕಾಗಿ ನಮ್ಮ ಹಿರಿಯರು ಕೋರ್ಟು ಕಚೇರಿ ಅಲೆದಿದ್ದಾರೆ. ತಡವಾಗಿ ಅರ್ಜಿ ಹಾಕಿದಿರಿ ಎಂದು 2017ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನಮ್ಮ ಕೇಸುಗಳು ಬಿದ್ದವು. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ತರಿಸಿಕೊಂಡೆವು, ಕಾಲಮಿತಿ ಇಲ್ಲ ಎಂದು. ಸಂತೋಷ. ಆದರೆ ಅದೇ ಕಾಯ್ದೆಯ ಮೂರನೇ ಕಲಮಿನಲ್ಲಿ, ಮಂಜೂರಾದ ಭೂಮಿ ಎಂದರೆ ಯಾವುದು ಎಂದು ಹೇಳುವ ಜಾಗದಲ್ಲಿ, ಒಂದು ಸಣ್ಣ ಮಾತು ಸೇರಿಸಿದ್ದಾರೆ. ಇನಾಮು ರದ್ದತಿಯಿಂದ ಬಂದ ಭೂಮಿಯೂ ಸೇರುತ್ತದೆ, ಆದರೆ ವಂಶಪಾರಂಪರ್ಯದ ಹುದ್ದೆಗೆ ಸಂಬಂಧಿಸಿದ್ದು ಸೇರುವುದಿಲ್ಲ.

ಅಂದರೆ ತೋಟಿ ಇನಾಮ್ತಿ ಹೊರಗೆ. ತಳವಾರಿಕೆಯದು ಹೊರಗೆ. ನೀರಗಂಟಿಕೆಯದು ಹೊರಗೆ. ತಲೆಮಾರುಗಟ್ಟಲೆ ಹೆಣ ಹೊತ್ತು, ದನ ಎಳೆದು, ಬಿಟ್ಟಿ ಬಿದ್ದು ಸಂಪಾದಿಸಿದ ಭೂಮಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಸರ್ಕಾರ ದಯಪಾಲಿಸಿ ಕೊಟ್ಟದ್ದಾದರೆ ರಕ್ಷಣೆ, ನಾವು ದುಡಿದು ಪಡೆದದ್ದಾದರೆ ಇಲ್ಲ. ಅದಕ್ಕೆ 1961ರ ಕಾಯ್ದೆಯೇ ಇದೆಯಲ್ಲ, ಮರುಮಂಜೂರಾತಿ ತಗೊಳ್ಳಿ ಎನ್ನುತ್ತಾರೆ. ಆ ಮರುಮಂಜೂರಾತಿಗೇ ಸ್ವಾಮಿ ನಾವು ಹೋದದ್ದು. ಅಲ್ಲೇ ನೀವು ತಾತನ ತಾತನ ಮರಣ ಪತ್ರ ಕೇಳಿದ್ದು. ಅರವತ್ತರ ದಶಕದಲ್ಲಿ ಅರ್ಜಿ ಹಾಕಬೇಕು ಎಂದು ಓದಲು ಬಾರದ ನಮ್ಮ ತಾತನಿಗೆ ಹೇಳಿದವರು ಯಾರು? ಓದಲು ಬರುತ್ತಿದ್ದವರು ಆ ಹೊತ್ತಿಗೆ ಅದೇ ಭೂಮಿಗೆ ಬೇಲಿ ಹಾಕುತ್ತಿದ್ದರು.

ಕೆಲವು ಗೆಳೆಯರು ಕೇಳುತ್ತಾರೆ: "ತೋಟಿಕೆ ಅನ್ನೋದೇ ಗುಲಾಮಗಿರಿ. ಅದರ ಭೂಮಿ ಬೇಕು ಅಂತ ಕೇಳೋದು ಗುಲಾಮಗಿರಿಯನ್ನ ಒಪ್ಪಿದಂಗಲ್ವಾ?" ಒಳ್ಳೆಯ ಪ್ರಶ್ನೆ. ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಹಾರ್ ವತನದ ವಿಷಯಕ್ಕೆ ಮಸೂದೆ ತಂದರು. ಮಹಾರರ ವತನ ನಮ್ಮ ತೋಟಿ ಇನಾಮಿನ ಒಡಹುಟ್ಟು. ಚಾಕರಿಯಿಂದ ಜನ ಬಿಡುಗಡೆಯಾಗಬೇಕು, ಭೂಮಿ ಅವರ ಕೈಯಲ್ಲೇ ಉಳಿಯಬೇಕು ಎಂಬುದು ಅವರ ಹಾದಿ. ನಾವೂ ಅದನ್ನೇ ಕೇಳುತ್ತಿದ್ದೇವೆ. ತೋಟಿಕೆ ನಮಗೆ ಬೇಡ. ತೋಟಿ ದುಡಿದ ಕೂಲಿ ಬೇಕು.

*

ಇನ್ನು ನಮ್ಮೊಳಗಿನ ಮಾತು.

ನಮ್ಮಲ್ಲಿ ಓದಿದ ಕೆಲವರು ಈಗ ರಾಜರನ್ನು ಹುಡುಕುತ್ತಿದ್ದಾರೆ. ನಮ್ಮ ಪೂರ್ವಿಕರು ಪಾಳೆಯಗಾರರಾಗಿದ್ದರು, ಸೇನಾಪತಿಗಳಾಗಿದ್ದರು ಎಂದು ಪುಸ್ತಕ ಮಾಡುತ್ತಿದ್ದಾರೆ. ನಮ್ಮವರಲ್ಲಿ ಆಳಿದವರು, ಕಾದಿದವರು ಇದ್ದರೆ ಇರಲಿ. ಆದರೆ ದನ ಎಳೆದ ಅಜ್ಜನಿಗೆ ಕಿರೀಟ ತೊಡಿಸಿ ಗೋಡೆಗೆ ನೇತುಹಾಕಿದರೆ ಅವನ ಬೆನ್ನಿನ ಬಾಸುಂಡೆ ಮಾಯವಾಗುತ್ತದೆಯೇ? ವಂಶದ ಹೆಮ್ಮೆ ಎಂಬುದೇ ಅವರು ನಮ್ಮನ್ನು ತುಳಿಯಲು ಬಳಸಿದ ಆಯುಧ. ಗೋತ್ರ ಕೇಳಿ ಗುಡಿಯ ಆಚೆ ನಿಲ್ಲಿಸಿದವರ ಚಟ ನಮಗೆ ಯಾಕೆ? 2015ರಲ್ಲಿ ಇದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಗುಡಿಯೊಳಗೆ ಹೋದದ್ದಕ್ಕೆ ದಂಡ ಹಾಕಿದರು. ಆಗ ಯಾರೂ ಮರಣ ಪತ್ರ ಕೇಳಲಿಲ್ಲ. ನಾವು ಯಾರ ಮಕ್ಕಳು, ಯಾವ ಹಟ್ಟಿಯವರು ಎಂದು ಊರಿಗೆ ಚೆನ್ನಾಗಿ ನೆನಪಿತ್ತು. ದಂಡ ಹಾಕುವಾಗ ನಮ್ಮ ವಂಶ ಗೊತ್ತು, ಭೂಮಿ ಕೊಡುವಾಗ ಗೊತ್ತಿಲ್ಲ.

ಎರಡನೆಯದು. 1920ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಪಂಚಮ ಎಂಬ ಹೆಸರು ತೆಗೆದು ಆದಿಕರ್ನಾಟಕ, ಆದಿದ್ರಾವಿಡ ಎಂದು ಬರೆಯಿತು. ಅವಮಾನದ ಹೆಸರು ಹೋಯಿತು ಎಂದು ನಮ್ಮವರು ಒಪ್ಪಿಕೊಂಡರು. ಅದೇ ಹೆಸರು ನೂರು ವರ್ಷ ಬಿಟ್ಟು ಗಂಟಲಿಗೆ ಸಿಕ್ಕಿಕೊಂಡಿತು. ಒಳಮೀಸಲಾತಿಗೆಂದು 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ಮಾಡಿದಾಗ ಲಕ್ಷಾಂತರ ಜನ ಎಕೆ, ಎಡಿ ಎಂದಷ್ಟೇ ಬರೆಸಿದರು. ಹೊಲೆಯರೋ ಮಾದಿಗರೋ ಎಂದು ಕೇಳಿದರೆ ಹೇಳಲು ಕೆಲವರಿಗೆ ಗೊತ್ತಿರಲಿಲ್ಲ, ಕೆಲವರಿಗೆ ನಾಚಿಕೆಯಾಯಿತು. ಬಾಡಿಗೆ ಮನೆ ಹೋದೀತೆಂಬ ಭಯ ಇನ್ನು ಕೆಲವರಿಗೆ. ಮುತ್ತಜ್ಜ ಯಾರು ಎಂಬ ಪ್ರಶ್ನೆ ಹೀಗೆ ನಮ್ಮ ಮಕ್ಕಳ ಸೀಟಿಗೂ ಕೆಲಸಕ್ಕೂ ಬಂದು ನಿಂತಿದೆ. ಅಡಗಿಸಿಟ್ಟವನಿಗೆ ಪಾಲು ಸಿಗುವುದಿಲ್ಲ. ಹೇಳಿಕೊಂಡವನು ಇನ್ನೊಬ್ಬನ ಪಾಲು ಕಿತ್ತುಕೊಳ್ಳಬಾರದು. ನಮ್ಮ ಕೇರಿಯ ಬಾವಿಯಿಂದ ಮಾದಿಗ ಬಂಧುವನ್ನು ದೂರ ನಿಲ್ಲಿಸಿದ ಅಜ್ಜಂದಿರೂ ನಮ್ಮ ವಂಶವೃಕ್ಷದಲ್ಲಿದ್ದಾರೆ. ಅವರನ್ನೂ ಬರೆಯಬೇಕು, ಹಾಗೆಯೇ ಬರೆಯಬೇಕು.

ಮೂರನೆಯದು ಆ ತಾಯಿ. ಕಚೇರಿಯ ವಂಶವೃಕ್ಷದಲ್ಲಿ ಗಂಡಿನಿಂದ ಗಂಡಿಗೆ ಗೀಟು ಎಳೆಯುತ್ತಾರೆ. ನಾವೂ ಹಾಗೇ ಎಳೆದೆವು. ನಮ್ಮ ಜೊತೆ ಬಂದಿದ್ದ ಹುಡುಗಿ ಪೆನ್ನು ಕಿತ್ತುಕೊಂಡು, "ಬರದಾಗೆ ಕೂಸು ಹೊತ್ತು ಹೊಳೆ ದಾಟಿದ್ದು ಈ ಗೀಟಲ್ಲಿ ಯಾರು? ತೋರ್ಸಿ" ಎಂದು ಕೇಳಿದಳು. ನಮಗೆ ಉತ್ತರ ಇರಲಿಲ್ಲ. ಶಾನುಭೋಗರು ನಮಗೆ ಮಾಡಿದ್ದನ್ನು ನಾವು ನಮ್ಮ ಅವ್ವಂದಿರಿಗೆ ಮಾಡಿದ್ದೇವೆ.

*

ಹೀಗಾಗಿ ನಮ್ಮ ಬೇಡಿಕೆಗಳು ಇವು.

ನಾಲ್ಕೂ ತಾಲ್ಲೂಕಿನ ತೋಟಿ, ತಳವಾರ, ನೀರಗಂಟಿ ಇನಾಮ್ತಿ ರಿಜಿಸ್ಟರುಗಳನ್ನು ಹಟ್ಟಿ ಹಟ್ಟಿಗೆ ತಂದು, ಡಂಗುರ ಹೊಡೆಸಿ, ಎಲ್ಲರ ಮುಂದೆ ಓದಿ ಹೇಳಬೇಕು. ಹಳೆಯ ಕಡತ ಸ್ಕ್ಯಾನ್ ಮಾಡುತ್ತಿದ್ದೇವೆ ಎಂದು ಸರ್ಕಾರ ಹೇಳುತ್ತಿದೆ. ಮಾಡಲಿ. ಆದರೆ ಸ್ಕ್ಯಾನ್ ಮಾಡಿದ್ದು ಯಾರ ಕಣ್ಣಿಗೆ ಬೀಳಬೇಕು ಎಂಬುದು ಮುಖ್ಯ. ನಕಲು ನಮಗೆ ಬಿಟ್ಟಿಯಾಗಿ ಕೊಡಬೇಕು. ನೂರು ವರ್ಷ ಬಿಟ್ಟಿ ಮಾಡಿದವರಿಗೆ ಇಷ್ಟು ಬಿಟ್ಟಿ ಸಲ್ಲುತ್ತದೆ.

ನೋಂದಣಿಯೇ ಇಲ್ಲದ ಕಾಲದ ಸಾವಿಗೆ ಮರಣ ಪತ್ರ ಕೇಳುವುದನ್ನು ನಿಲ್ಲಿಸಬೇಕು. ಹಟ್ಟಿಯ ಹಿರಿಯರ, ಮುಖ್ಯವಾಗಿ ಅಜ್ಜಿಯಂದಿರ ಮಾತನ್ನು ಮಹಜರಿನಲ್ಲಿ ಬರೆದುಕೊಂಡು ಸಾಕ್ಷಿ ಎಂದು ಒಪ್ಪಬೇಕು.

1978ರ ಕಾಯ್ದೆಯಿಂದ ವಂಶಪಾರಂಪರ್ಯದ ಹುದ್ದೆಯ ಭೂಮಿಯನ್ನು ಹೊರಗಿಡುವ ಆ ಮಾತನ್ನು ಕಿತ್ತು ಹಾಕಬೇಕು.

ಇವು ಸರ್ಕಾರಕ್ಕೆ. ನಮಗೂ ಒಂದು ಕೆಲಸ ಇದೆ. ಪ್ರತಿ ಹಟ್ಟಿಯಲ್ಲಿ ಓದು ಬಲ್ಲ ಒಬ್ಬ ಹುಡುಗ, ಒಬ್ಬ ಹುಡುಗಿ ಇಪ್ಪತ್ತು ರೂಪಾಯಿನ ಒಂದು ನೋಟ್‌ಬುಕ್ ತಗೊಂಡು ಅಜ್ಜಿಯರ ಮುಂದೆ ಕೂರಲಿ. ಮೊದಲು ಅವ್ವಂದಿರ ಹೆಸರು ಬರೆಯಲಿ. ಈಗ ಬದುಕಿರುವ ಅಜ್ಜಿಯರು ಹೋದರೆ ಬರದ ಕಾಲದ ಕಥೆ ಕೇಳಿದ ಕಿವಿ ಇನ್ನೊಂದು ಸಿಗುವುದಿಲ್ಲ.

ಹೋದ ಬೇಸಗೆಯಲ್ಲಿ ನಮ್ಮೂರಿಗೆ ಸರ್ವೆಯವರು ಬಂದಿದ್ದರು. ಇಬ್ಬರು ಗೌಡರ ನಡುವೆ ಒತ್ತುವರಿ ಜಗಳ. ಯಂತ್ರ ಇಟ್ಟು ಮಧ್ಯಾಹ್ನದವರೆಗೆ ಅಳೆದರು, ನಕಾಶೆಗೂ ನೆಲಕ್ಕೂ ತಾಳೆಯಾಗಲಿಲ್ಲ. ಹಳೆಯ ಬಾಂದುಕಲ್ಲು ಬೇಕಿತ್ತು. ಯಾರಿಗೂ ಗೊತ್ತಿಲ್ಲ. ಕೊನೆಗೆ ನಮ್ಮಪ್ಪನನ್ನು ಹಟ್ಟಿಯಿಂದ ಕರೆಸಿದರು. ಅವನು ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಬೇಲಿ ದಾಟಿ ಹೋಗಿ, ಒಂದು ಲಂಟಾನ ಪೊದೆಯ ಬುಡದಲ್ಲಿ ನಿಂತು, "ಇಲ್ಲಿ ಅಗೀರಿ, ನಮ್ಮಪ್ಪ ತೋರ್ಸಿದ್ದ" ಅಂದ. ಒಂದು ಮೊಳ ಅಗೆದರೆ ಕಲ್ಲು ಸಿಕ್ಕಿತು. ಸರ್ವೆಯವರು ಅಳತೆ ಬರೆದುಕೊಂಡರು. ಗೌಡರಿಬ್ಬರೂ ಸಹಿ ಹಾಕಿದರು. ಕಲ್ಲು ತೋರಿಸಿದವನು ಯಾರು ಎಂದು ಆ ಕಾಗದದಲ್ಲಿ ಇಲ್ಲ.

ಆದ್ದರಿಂದ ಇಲ್ಲಿ ಬರೆದಿದ್ದೇವೆ.